ಹೂಂಗುಟ್ಟುವವರು: ಕೆಲವು ಹಳೆಯ ರೆಕಾರ್ಡುಗಳನ್ನು ಕುರಿತು

ಸಂಘದ ಸಂಪಾದಕ ಮಿತ್ರರು ಬಂದು, "ಈ ಸಂಚಿಕೆಗೆ ಸಂಗೀತದ ಮೇಲೆ ಏನಾದರೂ ಬರೆದುಕೊಡಿ. ಪಾಠದ ಹಾಗಿರಲಿ, ಆದರೆ ಕ್ಲಾಸಿನ ಹಾಗೆ ಆಕಳಿಕೆ ಬರೋದು ಬೇಡ" ಅಂದರು. ಒಪ್ಪಿಕೊಂಡ ಮೇಲೆ ಭಯವಾಯಿತು. ನನಗೆ ಸಂಗೀತಶಾಸ್ತ್ರ ಗೊತ್ತಿಲ್ಲ. ಗೊತ್ತಿರುವುದು ಕೇಳುವುದೊಂದೇ. ಅದರಲ್ಲೂ ಅಮೆರಿಕದ ಕಪ್ಪು ಜನರ ಹಳೆಯ ರೆಕಾರ್ಡುಗಳ ಹುಚ್ಚು ನನಗೆ ಬಹಳ ವರ್ಷಗಳದು. ಅವರ ಚರ್ಚಿನ ಹಾಡು ಗಾಸ್ಪೆಲ್, ಬ್ಯಾಂಡಿನವರ ಜಾಝ್, ಆಮೇಲೆ ಗಾಸ್ಪೆಲ್ಲಿನ ಹೊಟ್ಟೆಯಿಂದಲೇ ಹುಟ್ಟಿ ಬಂದ ಸೋಲ್. ಇಂಥ ಹುಚ್ಚು ಇರುವವರಿಗೆ ಇನ್ನೊಂದು ಚಟವೂ ಇರುತ್ತದೆ: ಸಿಕ್ಕಸಿಕ್ಕವರನ್ನು ಹಿಡಿದು ಕೂರಿಸಿ ಕೇಳಿಸುವುದು. ಹಾಗೆ ಕೇಳಿಸುವುದರಲ್ಲಿ ನಾನೊಂದು ತಪ್ಪು ಮಾಡುತ್ತಿದ್ದೆ. ಅದು ತಿಳಿದದ್ದು ಕಲ್ಕತ್ತೆಯ ಬಾರಾನಗರದಲ್ಲಿ, ಓದಲು ಹೋಗಿ ಎರಡು ವರ್ಷ ಅಲ್ಲಿದ್ದಾಗ.

ಬಾರಾನಗರ ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿಯ ದಂಡೆಗೆ ಅಂಟಿಕೊಂಡ ಊರು. ರಾಮಕೃಷ್ಣ ಪರಮಹಂಸರು ತೀರಿಕೊಂಡ ವರ್ಷ, ಅಂದರೆ 1886ರಲ್ಲಿ, ಅವರ ಶಿಷ್ಯರು ಮೊದಲ ಮಠ ಮಾಡಿಕೊಂಡದ್ದು ಅಲ್ಲಿಯ ಒಂದು ಹಾಳುಮನೆಯಲ್ಲಿ. ಬಿ.ಟಿ. ರಸ್ತೆಯ ಮೇಲೆ ಮಹಲನೋಬಿಸ್ ಕಟ್ಟಿದ ಅಂಕಿಸಂಖ್ಯಾ ಸಂಸ್ಥೆಯಿದೆ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಜಗತ್ತಿಗೆ ಹೆಸರಾದದ್ದು ಆ ಸಂಸ್ಥೆಯಿಂದಲೇ. ಪೂರ್ವಕ್ಕೆ ಸ್ವಲ್ಪ ಹೋದರೆ ದಮ್‌ದಮ್. 1908ರಲ್ಲಿ ಸೀಯಾಲ್ದಾದಲ್ಲಿ ಆರಂಭವಾದ ಗ್ರಾಮಫೋನ್ ಕಾರ್ಖಾನೆ ಆಮೇಲೆ ನೆಲೆಸಿದ್ದು ದಮ್‌ದಮ್‌ನಲ್ಲಿ. ನಮ್ಮ ತಾತಂದಿರು ಕೇಳಿದ ನಾಟಕದ ಹಾಡುಗಳಿಂದ ಹಿಡಿದು ಬೀಟಲ್ಸರವರೆಗೆ ಎಲ್ಲ ತರಹದ ಪ್ಲೇಟುಗಳು ಅಲ್ಲಿ ಒತ್ತಲ್ಪಟ್ಟವು.

ಪ್ಲೇಟು ಅಂದಾಗ ಒಂದು ಮಾತು. 78ರ ವೇಗದಲ್ಲಿ ತಿರುಗುತ್ತಿದ್ದ ಹಳೆಯ ಕರಿ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮುತ್ತುಗ, ಜಾಲಾರಿ ಮುಂತಾದ ಮರಗಳ ಕೊಂಬೆಯಲ್ಲಿ ಹುಳು ಕಟ್ಟುವ ಅರಗು. ಲೋಕಕ್ಕೆಲ್ಲ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಛೋಟಾನಾಗಪುರದ ಕಡೆಯ ಕಾಡುಗಳಿಂದ. ಆದ್ದರಿಂದ 1920ರ ದಶಕದಲ್ಲಿ ಅಮೆರಿಕದ ಕಪ್ಪು ಹೆಂಗಸೊಬ್ಬಳು ಹಾಡಿದ ಹಾಡು, ನಮ್ಮ ಆದಿವಾಸಿ ಹೆಂಗಸೊಬ್ಬಳು ಕೆರೆದು ತಂದ ಅರಗಿನ ಮೇಲೆ ಕೂತಿರಬಹುದು ಎಂದು ಯೋಚಿಸುವುದು ನನಗೆ ಇಷ್ಟ. ಹತ್ತಂಗುಲದ ಅಂಥ ಪ್ಲೇಟಿನ ಒಂದು ಮೈಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಹಳೆಯ ಹಾಡುಗಳೆಲ್ಲ ಅಷ್ಟು ಗಿಡ್ಡ ಏಕೆ ಎಂದು ಕೇಳುವವರಿಗೆ ಉತ್ತರ ಇಷ್ಟೇ.

ನನ್ನ ಬಾಡಿಗೆ ಕೋಣೆ ಕುಠಿಘಾಟಿನ ಹತ್ತಿರದ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ. ಕೆಳಗಿನ ಮನೆಯಲ್ಲಿ ಒಬ್ಬ ಹಿರಿಯರು. ರೆಕಾರ್ಡು ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ದೊಡ್ಡಪ್ಪನ ವಯಸ್ಸಿನವರನ್ನು ಅಲ್ಲಿ 'ಜೇಠು' ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನನ್ನ ಬಂಗಾಳಿ ಇನ್ನೂ ಅಷ್ಟಕ್ಕಷ್ಟೆ.

ಒಂದು ಭಾನುವಾರ ಕೋಣೆಯಲ್ಲಿ ನಾಲ್ಕು ಜನ ಸೇರಿದ್ದೆವು. ಹಾಸನದ ಹುಡುಗ ಒಬ್ಬ, ಬೀದರಿನವನೊಬ್ಬ, ಒಡಿಶಾದವನೊಬ್ಬ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ರೆಕಾರ್ಡ್ ಪ್ಲೇಯರಿನ ಮೇಲೆ ನಾನು ಅರೀತಾ ಫ್ರಾಂಕ್ಲಿನ್ನಳ 'ಅಮೇಜಿಂಗ್ ಗ್ರೇಸ್' ಹಾಕಿದೆ. 1972ರ ಜನವರಿ 13 ಮತ್ತು 14ರಂದು ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಜನ ತುಂಬಿದ್ದಾಗಲೇ ಮುದ್ರಿಸಿಕೊಂಡ ಹಾಡುಗಳು. ಎರಡು ಎಲ್‌ಪಿಗಳ ಸಂಪುಟ. ಆ ಚರ್ಚು ಮೊದಲು ಸಿನಿಮಾ ಟಾಕೀಸಾಗಿತ್ತು. ಅರೀತಾ ಆಗಲೇ ಸೋಲ್ ಹಾಡುಗಾರ್ತಿಯಾಗಿ ಮನೆಮಾತಾಗಿದ್ದವಳು. ಅಪ್ಪ ಹೆಸರಾಂತ ಪಾದ್ರಿ, ಬೆಳೆದದ್ದು ಚರ್ಚಿನಲ್ಲಿ. ಈಗ ವಾಪಸು ಬಂದು ಹಾಡುತ್ತಿದ್ದಾಳೆ. ಅಪ್ಪನೂ ಅಲ್ಲೇ ಕೂತಿದ್ದಾನೆ. ಪಿಯಾನೊ ಮುಂದೆ ಜೇಮ್ಸ್ ಕ್ಲೀವ್‌ಲೆಂಡ್, ಹಿಂದೆ ಅವನ ಗಾಯನವೃಂದ. ಶೀರ್ಷಿಕೆಯ ಹಾಡು ಹತ್ತು ನಿಮಿಷಕ್ಕೂ ಮೀರಿ ಹೋಗುತ್ತದೆ. ಅದರ ನಡುವೆ ಕ್ಲೀವ್‌ಲೆಂಡ್ ನುಡಿಸುವುದನ್ನು ಬಿಟ್ಟು ಮುಖ ಮುಚ್ಚಿಕೊಂಡು ಅತ್ತದ್ದನ್ನು ಸಿನಿಮಾದಲ್ಲಿ ನೋಡಬಹುದು. ಆ ಸಿನಿಮಾ ತೆರೆಗೆ ಬರಲು 2018ರವರೆಗೆ ಕಾಯಬೇಕಾಯಿತು. ಚಿತ್ರಕ್ಕೂ ದನಿಗೂ ತಾಳೆ ಹಾಕಲು ಬೇಕಾದ ಗುರುತಿನ ಹಲಗೆ ಬಡಿಯುವುದನ್ನೇ ಮರೆತಿದ್ದರು!

ನಾನು ಕೇಳಿಸುವ ರೀತಿ ಹೇಗಿತ್ತೆಂದರೆ, ಹಾಡಿನ ಮೇಲೆ ನಾನೂ ಮಾತಾಡುತ್ತಿದ್ದೆ. "ಈಗ ಬರುತ್ತೆ ನೋಡ್ರೋ... ಈಗ ಏರಿಸ್ತಾಳೆ... ಇಲ್ಲಿ ಕೇಳು, ಇಲ್ಲಿ." ಅವರ ಮುಖ ನೋಡುತ್ತಿದ್ದೆ, ಕಣ್ಣು ಒದ್ದೆಯಾಯಿತೋ ಇಲ್ಲವೋ ಎಂದು. ಆಗದಿದ್ದರೆ ಸಿಟ್ಟು. ನನ್ನ ರುಚಿಯನ್ನು ಅವರ ಮೇಲೆ ಪರೀಕ್ಷೆಗಿಟ್ಟ ಹಾಗೆ. ಚರ್ಚಿನ ಜನ ನಡುನಡುವೆ ಕೂಗುವುದು, ಚಪ್ಪಾಳೆ, ಉದ್ಗಾರ ಇವೆಲ್ಲ ನನ್ನ ಮಟ್ಟಿಗೆ ಗಲಾಟೆ. ಅದನ್ನು ದಾಟಿ ಅವಳ ದನಿಯೊಂದನ್ನೇ ಹಿಡಿಯುವವನು ರಸಿಕ ಅಂದುಕೊಂಡಿದ್ದೆ.

'ಮೇರಿ, ಡೋಂಟ್ ಯೂ ವೀಪ್' ನಡೆಯುತ್ತಿತ್ತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಜೇಠು ಬಾಗಿಲಲ್ಲಿ ನಿಂತಿದ್ದರು. ಸದ್ದು ಜಾಸ್ತಿಯಾಯಿತೆಂದು ಬೈಯಲು ಬಂದರೇನೋ ಎಂದು ನಾನು ಸೂಜಿ ಎತ್ತಲು ಹೋದೆ. ಅವರು ಕೈಯಲ್ಲೇ ಬೇಡವೆಂದರು. ಹಾಡು ಮುಗಿಯುವವರೆಗೂ ನಿಂತಿದ್ದು ಕೇಳಿದರು, "ಯಾರನ್ನೋ ಕರೀತಿದಾಳಲ್ಲ, ಯಾರನ್ನ?"

ನಾವು ನಾಲ್ವರೂ ಇಂಗ್ಲಿಷ್ ಬಲ್ಲವರು. ಆ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವಳು ಕರೆಯುತ್ತಿದ್ದದ್ದು ಲಾಜರನನ್ನು. ಯೋಹಾನನ ಸುವಾರ್ತೆಯಲ್ಲಿ ಈ ಕಥೆಯಿದೆ. ಮರಿಯಳು, ಮಾರ್ಥಳು ಎಂಬ ಅಕ್ಕತಂಗಿಯರ ತಮ್ಮ ಲಾಜರ ಸತ್ತು ಗವಿಯಲ್ಲಿ ಹೂಳಿ ನಾಲ್ಕು ದಿನವಾಗಿದೆ. ಯೇಸು ಬಂದು ಅವನ ಹೆಸರು ಹಿಡಿದು ಕೂಗುತ್ತಾನೆ, ಸತ್ತವನು ಎದ್ದು ಬರುತ್ತಾನೆ. ಸುವಾರ್ತೆಯಲ್ಲಿ ಒಂದು ಸಲ ಕೂಗಿದ್ದನ್ನು ಅರೀತಾ ಮೂರು ಸಲ ಕೂಗುತ್ತಾಳೆ, ಒಂದೊಂದು ಸಲವೂ ಬೇರೆ ಬೇರೆ ರೀತಿ. ಹಿಂದಿನ ವೃಂದವೂ ಎದುರಿನ ಜನವೂ ಪ್ರತಿ ಕೂಗಿಗೂ ಓಗೊಡುತ್ತಾರೆ. ಹಾಡು ಅರೀತಾಳದಲ್ಲ, ಗುಲಾಮಗಿರಿಯ ಕಾಲದಿಂದ ಬಂದದ್ದು. ಅದರ ಪಲ್ಲವಿಯಲ್ಲಿ ಫರೋಹನ ದಂಡು ಸಮುದ್ರದಲ್ಲಿ ಮುಳುಗಿಹೋದ ಮಾತು ಬರುತ್ತದೆ. ವಾಚ್ಯಾರ್ಥ ಬೈಬಲಿನದು, ತೋಟದ ಯಜಮಾನ ಕೇಳಿಸಿಕೊಂಡರೂ ಬೈಯುವ ಹಾಗಿಲ್ಲ. ಫರೋಹ ಯಾರು, ದಂಡು ಯಾರದು ಎಂದು ಹಾಡುವವರಿಗೆ ಗೊತ್ತು. ಆನಂದವರ್ಧನನ ಧ್ವನಿಗೆ ಪರೀಕ್ಷೆಯಲ್ಲಿ ಉದಾಹರಣೆ ಹುಡುಕುವವರು ಇದನ್ನೂ ಬರೆಯಬಹುದು, ಮಾರ್ಕ್ಸಿನ ಜವಾಬ್ದಾರಿ ನನ್ನದಲ್ಲ.

ಆ ದಿನದಿಂದ ನಾನು ಹಾಡುಗಳನ್ನು ತಿರುಗಿಸಿ ಕೇಳಲು ಶುರುಮಾಡಿದೆ. ಯಾರು ಹಾಡುತ್ತಾರೆ ಎಂಬುದರ ಜೊತೆಗೆ, ಯಾರು ಉತ್ತರ ಕೊಡುತ್ತಾರೆ? ನಮ್ಮಲ್ಲಿ ಇದು ಗೊತ್ತಿಲ್ಲದ ಸಂಗತಿಯಲ್ಲ. ಅಜ್ಜಿ ಕಥೆ ಹೇಳುವಾಗ "ಹೂಂ ಅನ್ನೋ, ಇಲ್ದಿದ್ರೆ ಹೇಳಲ್ಲ" ಅನ್ನುತ್ತಿದ್ದಳು. ಹೂಂಗುಟ್ಟುವವರಿಲ್ಲದೆ ಕಥೆ ನಡೆಯದು. ಮಂಟೇಸ್ವಾಮಿ ಹಾಡುವ ನೀಲಗಾರರಲ್ಲಿ ಮುಂದಿನವರು ಸಾಲು ಹೇಳಿದರೆ ಹಿಮ್ಮೇಳದವರು ಸೊಲ್ಲು ತೆಗೆದುಕೊಳ್ಳುತ್ತಾರೆ. ಸೋಬಾನೆಯಲ್ಲೂ ಒಬ್ಬರು ಹೇಳಿಕೊಟ್ಟರೆ ಉಳಿದವರು ಎತ್ತಿಕೊಳ್ಳುತ್ತಾರೆ. ಬಂಗಾಳದ ಕೀರ್ತನೆಯಲ್ಲಿ ಹೀಗೆ ಎತ್ತಿಕೊಳ್ಳುವವರಿಗೆ 'ದೋಹಾರ್' ಎಂದು ಹೆಸರೇ ಇದೆ. ಇಷ್ಟೆಲ್ಲ ಇಟ್ಟುಕೊಂಡು ನಾನು ಆ ಚರ್ಚಿನ ಜನರನ್ನು ಗಲಾಟೆ ಅಂದುಕೊಂಡೆನಲ್ಲ! ಸಭಾಂಗಣದ ಕುರ್ಚಿಯಲ್ಲಿ ಕೈಕಟ್ಟಿ ಕೂತು ಕೇಳುವುದನ್ನು ಎಲ್ಲಿಂದಲೋ ಕಲಿತು ಅದನ್ನೇ ರಸಿಕತೆ ಎಂದು ನಂಬಿದ್ದೆ.

ಒಬ್ಬನೇ ಕೂತು ಹಾಡುವಾಗ ಏನಾಗುತ್ತದೆ? ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ ಗಾಯಕ ಟೆಕ್ಸಾಸಿನ ಬೀದಿಗಳಲ್ಲಿ ಹಾಡುತ್ತಿದ್ದವನು. 1927ರ ಡಿಸೆಂಬರ್ 3ರಂದು ಡಲ್ಲಾಸಿನಲ್ಲಿ ಅವನು ಮುದ್ರಿಸಿದ 'ಡಾರ್ಕ್ ವಾಸ್ ದಿ ನೈಟ್' ಎಂಬುದರಲ್ಲಿ ಒಂದು ಪದವೂ ಇಲ್ಲ, ಬರೀ ಗುನುಗು, ನರಳಿಕೆ. ಅವರ ಚರ್ಚುಗಳಲ್ಲಿ ಓದು ಬಾರದ ಜನರಿಗಾಗಿ ಒಬ್ಬ ಸಾಲು ಹೇಳಿ ಉಳಿದವರು ಎಳೆದು ಹಾಡುವ ಕ್ರಮವಿತ್ತು. ಜಾನ್ಸನ್ ಹತ್ತಿರ ಸಭೆ ಇಲ್ಲ. ಅವನು ಗುನುಗಿದ್ದಕ್ಕೆ ಅವನ ಗಿಟಾರೇ ಓಗೊಡುತ್ತದೆ; ತಂತಿಯ ಮೇಲೆ ಏನನ್ನೋ ಜಾರಿಸಿ ನುಡಿಸುವ ಅದು, ಮನುಷ್ಯರ ದನಿಯ ಹಾಗೆಯೇ ಕೇಳುತ್ತದೆ. 1945ರಲ್ಲಿ ಅವನು ಕಡುಬಡತನದಲ್ಲಿ ಸತ್ತ. 1977ರಲ್ಲಿ ಅಂತರಿಕ್ಷಕ್ಕೆ ಹೋದ ವಾಯೇಜರ್ ನೌಕೆಗಳ ಚಿನ್ನದ ಲೇಪದ ಪ್ಲೇಟಿನಲ್ಲಿ ಈ ಹಾಡಿದೆ. ಅದೇ ಪ್ಲೇಟಿನಲ್ಲಿ ನಮ್ಮ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಆ ಪ್ಲೇಟಿಗೆ ಇನ್ನೂ ಯಾರೂ ಹೂಂ ಅಂದಿಲ್ಲ.

ಜಾನ್ಸನ್ ಸತ್ತ 1945ರಲ್ಲೇ ಕಲ್ಕತ್ತೆಯಲ್ಲಿ ಇನ್ನೊಬ್ಬ ಕಪ್ಪು ಸಂಗೀತಗಾರ ಸತ್ತ. ಟೆಡಿ ವೆದರ್‌ಫೋರ್ಡ್ ಎಂಬ ಪಿಯಾನೊ ವಾದಕ. 1926ರಲ್ಲಿ ಶಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ಜೊತೆ ರೆಕಾರ್ಡಿಗೆ ನುಡಿಸಿದವನು, ಆಮೇಲೆ ಶಾಂಘೈ, ಬೊಂಬಾಯಿ ಸುತ್ತಿ ಯುದ್ಧಕಾಲದಲ್ಲಿ ಚೌರಂಗಿಯ ಗ್ರ್ಯಾಂಡ್ ಹೋಟೆಲಿನಲ್ಲಿ ಬ್ಯಾಂಡು ಕಟ್ಟಿದ, ಕಲ್ಕತ್ತೆಯಲ್ಲೇ ರೆಕಾರ್ಡುಗಳನ್ನೂ ಮಾಡಿದ. ಕಾಲರಾದಲ್ಲಿ ತೀರಿಕೊಂಡ. ಆ ನಗರದ ಜಾಝ್ ಪರಂಪರೆ ಆಮೇಲೆ ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ಬೆಳೆಯಿತು. ಅದನ್ನು ಕೊನೆಯವರೆಗೆ ಹಿಡಿದಿಟ್ಟುಕೊಂಡವರಲ್ಲಿ ಗಿಟಾರಿನ ಕಾರ್ಲ್‌ಟನ್ ಕಿಟ್ಟೊ ಒಬ್ಬರು. ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ, 2016ರಲ್ಲಿ ತೀರಿಕೊಂಡದ್ದು ಕಲ್ಕತ್ತೆಯಲ್ಲಿ. ಇವರ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಇಷ್ಟೇ ಸಾಕು: ಜಾಝಿನಲ್ಲಿ ತುತ್ತೂರಿ ಕೇಳಿದ್ದಕ್ಕೆ ಪಿಯಾನೊ ಉತ್ತರ ಕೊಡುವುದನ್ನು ಗಮನಿಸಿ, ಅದೂ ಚರ್ಚಿನ ಅದೇ ಅಭ್ಯಾಸ.

ಸೋಲ್ ಬಗ್ಗೆ ಕನ್ನಡ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತೊಂದಿದೆ. 1954ರಲ್ಲಿ ರೇ ಚಾರ್ಲ್ಸ್ ಎಂಬವನು ರೇಡಿಯೊದಲ್ಲಿ ಕೇಳಿದ ಒಂದು ಗಾಸ್ಪೆಲ್ ಹಾಡಿನ ಧಾಟಿ ಹಿಡಿದು, ದೇವರಿದ್ದ ಜಾಗದಲ್ಲಿ ಹೆಣ್ಣನ್ನು ಕೂರಿಸಿ 'ಐ ಗಾಟ್ ಎ ವುಮನ್' ಮಾಡಿದ. ಭಕ್ತರು ಕೆಂಡವಾದರು. ಸ್ಯಾಮ್ ಕುಕ್ ಚರ್ಚಿನ ತಂಡ ಬಿಟ್ಟು ಹೀಗೆ ಬಂದಾಗಲೂ ಅದೇ ಗಲಾಟೆ. ನಾವು ಓದುವುದು ಇದರ ತಿರುಗುಮುರುಗು. ಶರಣಸತಿ ಲಿಂಗಪತಿ ಎಂದಾಗ ಅಕ್ಕಮಹಾದೇವಿ ಗಂಡಹೆಂಡಿರ ಭಾಷೆಯನ್ನು ದೇವರಿಗೆ ಎತ್ತಿಕೊಟ್ಟಳು. ಇವರು ದೇವರ ಭಾಷೆಯನ್ನು ಇಳಿಸಿ ಹೆಣ್ಣುಗಂಡಿಗೆ ಕೊಟ್ಟರು. ಇಳಿಸಿದರು ಅನ್ನುವುದೂ ತಪ್ಪೇನೋ. ಆದರೆ ಒಂದು ವ್ಯತ್ಯಾಸ ನನ್ನ ಕಿವಿಗೆ ಬೀಳುತ್ತದೆ. ಅಕ್ಕ ಕರೆಯುವವನು ಉತ್ತರ ಕೊಡುವುದಿಲ್ಲ, ಅವಳು ಕಾಡಿನ ಗಿಳಿ ಕೋಗಿಲೆಗಳನ್ನು ಕೇಳುತ್ತಾ ಹೋಗಬೇಕು. ಸೋಲ್ ಹಾಡಿನಲ್ಲಿ ಹಿಂದೆ ನಿಂತ ಮೂವರು ಹುಡುಗಿಯರು ತಪ್ಪದೆ ಉತ್ತರ ಕೊಡುತ್ತಾರೆ. ಚರ್ಚು ಬಿಟ್ಟು ಬಂದರೂ ಹೂಂಗುಟ್ಟುವವರನ್ನು ಅವರು ಬಿಟ್ಟುಬರಲಿಲ್ಲ.

ಇದಕ್ಕೆ ತೀರ ಎದುರಾದ ರೆಕಾರ್ಡೂ ಒಂದಿದೆ, ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್'. ಕಪ್ಪು ಜನರನ್ನು ಹಿಡಿದು ಮರಕ್ಕೆ ನೇತುಹಾಕುತ್ತಿದ್ದುದರ ಮೇಲೆ ಏಬಲ್ ಮೀರೊಪೋಲ್ ಎಂಬ ನ್ಯೂಯಾರ್ಕಿನ ಮೇಷ್ಟರು ಬರೆದದ್ದು. ಅವಳ ಎಂದಿನ ಕಂಪನಿ ಹಿಂಜರಿದಾಗ ಕಮೊಡೋರ್ ಎಂಬ ಸಣ್ಣ ಕಂಪನಿ ಅದನ್ನು ತಂದಿತು. ಕೆಫೆ ಸೊಸೈಟಿ ಎಂಬ ಕ್ಲಬ್ಬಿನಲ್ಲಿ ಅವಳು ಇದನ್ನು ಹಾಡುವಾಗ ಸಪ್ಲೈಯರುಗಳು ಕೆಲಸ ನಿಲ್ಲಿಸಬೇಕು, ಅವಳ ಮುಖದ ಮೇಲಿನದೊಂದು ಬಿಟ್ಟು ದೀಪವೆಲ್ಲ ಆರಬೇಕು. ಮುಗಿದ ಮೇಲೆ ಅವಳು ಮತ್ತೆ ವೇದಿಕೆಗೆ ಬರುವ ಹಾಗಿಲ್ಲ. ಹೂಂ ಅನ್ನಲು ಯಾರಿಗೂ ಜಾಗ ಬಿಟ್ಟಿಲ್ಲ. ಈ ಹಾಡನ್ನು ಗುಂಪಿನಲ್ಲಿ ಹಾಕಿ "ಹೇಗಿದೆ?" ಎಂದು ನಾನು ಕೇಳಿದ್ದುಂಟು. ನೆನೆದರೆ ಈಗಲೂ ನಾಚಿಕೆ.

ಈಗ ಶಾಸ್ತ್ರಕ್ಕೆ ಬರೋಣ. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ನಾವೆಲ್ಲ ಓದಿದ್ದೇವೆ, ಕಡೇಪಕ್ಷ ಪರೀಕ್ಷೆಗೆ. ಸಾಧಾರಣೀಕರಣ ಅಂದರೆ ದುಃಖ ನನ್ನದೂ ಅಲ್ಲ, ಅವನದೂ ಅಲ್ಲ, ಯಾರದೂ ಅಲ್ಲದ್ದಾಗಿ ಸವಿಯಲು ಬರುವುದು. ಅಭಿನವಗುಪ್ತ ರಸಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಒಂದು, ಕೇಳುವವನು ತನ್ನದೇ ಸುಖದುಃಖಗಳಿಗೆ ವಶನಾಗಿರುವುದು. ಈ ಲೆಕ್ಕದಲ್ಲಿ ನನ್ನ ಕೋಣೆಯಲ್ಲಿ ಸಹೃದಯ ಯಾರು? ಹಾಯಾಗಿ ಕೂತು, ನನ್ನದೇನೂ ಕಳೆದುಹೋಗದೆ, ಅರೀತಾಳ ದನಿಗೆ ಕಣ್ಣೀರು ಹಾಕಿದ ನಾನು. ಬಾಗಿಲಲ್ಲಿ ನಿಂತಿದ್ದ ಜೇಠು ಅಲ್ಲ. ಏಕೆಂದರೆ ಅವರು ಬಂದದ್ದು ತಮ್ಮ ದುಃಖದ ಜೊತೆಗೇ.

ಅದೇನೆಂದು ಅವರು ಹೇಳಿದ್ದು ಎರಡು ತಿಂಗಳಾದ ಮೇಲೆ. ಮಹೇಲಿಯಾ ಜಾಕ್ಸನ್ 1971ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯಲ್ಲೂ ಹಾಡಿದ್ದಳು, ಗೊತ್ತೇ ಎಂದು ನಾನು ಕೇಳಿದೆ. ದಿಲ್ಲಿ, ಮದರಾಸು, ಬೊಂಬಾಯಿಗಳಲ್ಲೂ ಹಾಡಿದಳು. ಮರುವರ್ಷ ಜನವರಿಯಲ್ಲಿ, ಅರೀತಾ ವಾಟ್ಸಿನಲ್ಲಿ ಹಾಡಿ ಎರಡು ವಾರ ಆಗುವಷ್ಟರಲ್ಲಿ ಅವಳು ತೀರಿಕೊಂಡಳು. ಅವಳ ಹಾಡಾದ 'ಪ್ರೆಷಸ್ ಲಾರ್ಡ್' ಕೇಳಿಸಿದೆ. 1932ರಲ್ಲಿ ಥಾಮಸ್ ಡಾರ್ಸಿ ಹಾಡಲು ಪರವೂರಿಗೆ ಹೋಗಿದ್ದಾಗ ಹೆರಿಗೆಯಲ್ಲಿ ಹೆಂಡತಿ ಸತ್ತಳೆಂದು ತಂತಿ ಬಂತು, ಆಮೇಲೆ ಮಗುವೂ ಉಳಿಯಲಿಲ್ಲ. ಆ ಸಂಕಟದಲ್ಲಿ ಕಟ್ಟಿದ ಹಾಡು. ಮಾರ್ಟಿನ್ ಲೂಥರ್ ಕಿಂಗನ ಅಂತ್ಯಕ್ರಿಯೆಯಲ್ಲಿ, 1968ರಲ್ಲಿ, ಮಹೇಲಿಯಾ ಇದನ್ನು ಹಾಡಿದಳು. ಮಹೇಲಿಯಾಳ ಅಂತ್ಯಕ್ರಿಯೆಯಲ್ಲಿ ಅರೀತಾ ಹಾಡಿದಳು. ಒಬ್ಬರ ಸಾವಿಗೆ ಇನ್ನೊಬ್ಬರು ಓಗೊಡುತ್ತಾ ಬಂದ ಹಾಡು.

ಜೇಠು ಕೇಳಿ ಸುಮ್ಮನಿದ್ದು, "ಆ ವರ್ಷ ನಮ್ಮ ಮನೇಲಿ ಹಾಡು ಇರಲಿಲ್ಲ" ಅಂದರು.

1971ರ ಆಗಸ್ಟ್ 12 ಮತ್ತು 13ರಂದು ಕಾಶಿಪುರ-ಬಾರಾನಗರದ ಗಲ್ಲಿಗಳಲ್ಲಿ ನಕ್ಸಲೀಯರೆಂದು ಗುರುತಿಸಿದ ಹುಡುಗರನ್ನು ಮನೆಯಿಂದ ಎಳೆದು ಕೊಂದರು. ಎಷ್ಟು ಮಂದಿ ಎಂಬುದರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಜೇಠುಗೆ ಆಗ ಹದಿನಾಲ್ಕು ವರ್ಷ. ಅವರ ಅಣ್ಣ ಕಾಲೇಜು ವಿದ್ಯಾರ್ಥಿ, ನಮ್ಮ ನಿಮ್ಮ ವಯಸ್ಸಿನವನು. ಸಂಜೆ ಹೊರಗೆ ಹೋದವನು ಬರಲಿಲ್ಲ, ಹೆಣವೂ ಸಿಗಲಿಲ್ಲ. ತಾಯಿ ಒಂದು ವಾರ ಪ್ರತಿ ಸಂಜೆ ಬಾಗಿಲಲ್ಲಿ ನಿಂತು ಅವನ ಮನೆಹೆಸರು ಹಿಡಿದು ಕೂಗಿದರಂತೆ. ಗಲ್ಲಿಯವರು ಕಿಟಕಿ ಹಾಕಿಕೊಂಡರು. ಹೆದರಿಕೆ, ಅವರನ್ನೇನು ಅನ್ನುವುದು. ಆಮೇಲೆ ಆಕೆ ಕೂಗುವುದನ್ನು ನಿಲ್ಲಿಸಿದರು. ಆದರೆ ಸಾಯುವವರೆಗೂ, ಗಲ್ಲಿಯಲ್ಲಿ ಯಾವ ತಾಯಿ ಯಾವ ಮಗನನ್ನು ಕರೆದರೂ ಒಳಗಿನಿಂದ ತಾವೇ ಓ ಅನ್ನುತ್ತಿದ್ದರಂತೆ.

ಇದನ್ನು ವಿಘ್ನ ಅನ್ನಲು ನನ್ನಿಂದ ಆಗುವುದಿಲ್ಲ. ಅಭಿನವಗುಪ್ತ ತಪ್ಪು ಎಂದೂ ನಾನು ಹೇಳುತ್ತಿಲ್ಲ, ಅಷ್ಟು ದೊಡ್ಡವನಲ್ಲ. ಅವನ ಮಾತು ನಾಟ್ಯಗೃಹಕ್ಕೆ ಸರಿ. ಆದರೆ ಈ ಹಾಡುಗಳು ಹುಟ್ಟಿದ ಮನೆಯಲ್ಲಿ, ಬಂದವರೆಲ್ಲ ತಂತಮ್ಮ ಗಂಟು ಹೊತ್ತೇ ಬಂದಿರುತ್ತಾರೆ ಎಂದು ಹಾಡುವವರಿಗೆ ಗೊತ್ತು. ಗಂಟನ್ನು ಬಾಗಿಲ ಹೊರಗಿಟ್ಟು ಬಾ ಎಂದು ಅವರು ಹೇಳುವುದಿಲ್ಲ. ಮರಿಯಳ ತಮ್ಮನನ್ನು ಕರೆದಾಗ ಒಬ್ಬೊಬ್ಬರೂ ತಮ್ಮವರ ಹೆಸರನ್ನು ಕೇಳಿಸಿಕೊಂಡು ಓ ಅನ್ನುತ್ತಾರೆ. 1936ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿ ಹೌವರ್ಡ್ ಥರ್ಮನ್ ದಂಪತಿಗಳು ಬಂದಾಗ ಗಾಂಧೀಜಿ ಕೇಳಿ ಹಾಡಿಸಿದ್ದು 'ವೇರ್ ಯೂ ದೇರ್' ಎಂಬ ಇಂಥದೇ ಹಳೆಯ ಹಾಡು. ಅದು ಪೂರ್ತಿ ಕೇಳುವವನನ್ನೇ ಕೇಳುವ ಪ್ರಶ್ನೆ. ಉತ್ತರ ಕೊಡದೆ ಕೂತಿರುವವನಿಗೆ ಅದು ಮುಗಿಯುವುದೇ ಇಲ್ಲ.

ನಾನು ಊರು ಬಿಡುವ ಹಿಂದಿನ ದಿನ ಜೇಠು ಟ್ರಂಕಿನಿಂದ ಒಂದು ಪ್ಲೇಟು ತಂದರು. ಬಂಗಾಳಿ ಕೀರ್ತನೆ, ತಾಯಿಯದು, ಅಂಚು ಒಡೆದಿತ್ತು. ಮೊದಲ ಸುತ್ತುಗಳನ್ನು ಬಿಟ್ಟು ಸೂಜಿಯನ್ನು ಒಳಗೆ ಇಟ್ಟೆವು. ಪ್ಲೇಟು ಒತ್ತುವ ಕೆಲಸದಲ್ಲಿ ಇಡೀ ಆಯಸ್ಸು ಕಳೆದವರು, ಕೇಳಲು ಕೂತದ್ದು ಬಹಳ ವರ್ಷಗಳ ಮೇಲಂತೆ. ನಾನು ಮಾತಾಡಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ದೋಹಾರರು ಎತ್ತಿಕೊಳ್ಳುವ ಜಾಗದಲ್ಲಿ ಅವರೂ ಸಣ್ಣಗೆ ಎತ್ತಿಕೊಂಡರು. ನನಗೆ ಪದ ಬರುತ್ತಿರಲಿಲ್ಲ, ಹೂಂ ಅಂದೆ.

ಮುಂದಿನ ಶನಿವಾರ ಸಂಜೆ ನಾಲ್ಕಕ್ಕೆ ಸಂಘದ ಕೊಠಡಿಯಲ್ಲಿ 'ಮೇರಿ, ಡೋಂಟ್ ಯೂ ವೀಪ್' ಹಾಕುತ್ತೇನೆ. ಮೊದಲ ಸಲ ಕೇಳುವಾಗ ಅರೀತಾಳನ್ನು ಬಿಟ್ಟು ಹಿಂದಿನವರನ್ನು ಮಾತ್ರ ಕೇಳಿ. ಎರಡನೆಯ ಸಲ ಹೇಗೆ ಬೇಕಾದರೂ ಕೇಳಿ. ಇಷ್ಟವಾಗದಿದ್ದರೆ ಎದ್ದು ಹೋಗಬಹುದು, ನಾನು ಮುಖ ನೋಡುವುದಿಲ್ಲ.